ಇನ್ನು 'ಆಯ್ತು ಬುದ್ಧಿ' ಅನ್ನುವುದಿಲ್ಲ

ನಮ್ಮ ಕೇರಿಗಳಲ್ಲಿ 'ಬುದ್ಧಿ' ಎಂದರೆ ತಲೆಯೊಳಗಿನ ಅರಿವಲ್ಲ. ಬುದ್ಧಿ ಎಂದರೆ ಗೌಡ, ಪಟೇಲ, ಜಮೀನಿನ ಒಡೆಯ. ಜಗಲಿಯ ಮೇಲೆ ಕೂತವನು ಬುದ್ಧಿ. ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೆಳಗೆ ನಿಂತವರು ನಮ್ಮಪ್ಪಂದಿರು. 'ಕೂಲಿ ಕಡ್ಮೆ ಬಂತಲ್ಲ ಬುದ್ಧಿ' ಎಂದು ಕೇಳಿದರೆ 'ಲೆಕ್ಕ ಹಂಗೈತೆ, ಹೋಗ್ಲಾ' ಎಂಬ ಉತ್ತರ ಬರುತ್ತಿತ್ತು. ಲೆಕ್ಕ ಅವನ ಪುಸ್ತಕದಲ್ಲಿತ್ತು, ಪುಸ್ತಕ ಅವನ ಪೆಟ್ಟಿಗೆಯಲ್ಲಿತ್ತು, ಅಕ್ಷರ ನಮ್ಮವರಿಗೆ ಇರಲಿಲ್ಲ. 'ಆಯ್ತು ಬುದ್ಧಿ' ಎಂದು ತಿರುಗಿ ಬರುತ್ತಿದ್ದರು.

ಈಗ ಹೊಸ ಬುದ್ಧಿಯೊಂದು ಬಂದಿದೆ. ಅದರ ಹೆಸರು ಕೃತಕ ಬುದ್ಧಿ. ಕಂಪನಿಗಳಲ್ಲಿ ಯಾರನ್ನು ಕೆಲಸಕ್ಕೆ ಕರೆಯಬೇಕು, ಬ್ಯಾಂಕುಗಳಲ್ಲಿ ಯಾರಿಗೆ ಸಾಲ ಕೊಡಬೇಕು, ಆಸ್ಪತ್ರೆಗಳಲ್ಲಿ ಯಾರನ್ನು ಮೊದಲು ನೋಡಬೇಕು, ಸರ್ಕಾರಿ ಇಲಾಖೆಗಳಲ್ಲಿ ಯಾರ ಅಕ್ಕಿ ನಿಲ್ಲಿಸಬೇಕು ಎಂಬುದರಲ್ಲೆಲ್ಲ ಅದು ಕೈಯಿಡುತ್ತಿದೆ. ಯಾಕ್ರೀ ನಮಗೆ ಇಲ್ಲ ಅಂದರೆ ಮೇಜಿನ ಆಚೆ ಕೂತವರು ಹೇಳುವುದು ಒಂದೇ ಮಾತು: 'ಸಿಸ್ಟಂ ಹಂಗೆ ತೋರಿಸ್ತಾ ಇದೆ, ನಾವೇನೂ ಮಾಡಕ್ಕಾಗಲ್ಲ.' ಲೆಕ್ಕ ಹಂಗೈತೆ ಎಂದವನ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ಹಳೆಯ ಬುದ್ಧಿಗೆ ಮನೆ ಇತ್ತು, ಜಗಲಿ ಇತ್ತು, ಒಂದು ದಿನ ಹತ್ತು ಜನ ಕೂಡಿ ಅಲ್ಲಿಗೆ ಹೋಗಿ ನಿಲ್ಲಬಹುದಿತ್ತು. ಈ ಹೊಸ ಬುದ್ಧಿಗೆ ಜಗಲಿಯೂ ಇಲ್ಲ.

ಅನ್ಯಾಯ ಬಯಲಾದಾಗ ದೊಡ್ಡ ಸಂಸ್ಥೆಗಳು ಒಂದು ನುಡಿಗಟ್ಟು ಬಳಸುತ್ತವೆ: 'ಉದ್ದೇಶಿಸದ ಪರಿಣಾಮ.' ನಾವು ಹೀಗಾಗಲಿ ಎಂದುಕೊಂಡಿರಲಿಲ್ಲ, ಯಂತ್ರ ಹೀಗೆ ಮಾಡಿತು, ಇನ್ನು ಮುಂದೆ ನಿರ್ವಹಿಸುತ್ತೇವೆ, ಸಮಿತಿ ಮಾಡುತ್ತೇವೆ ಎನ್ನುತ್ತವೆ. ಈ ಲೇಖನ ಆ ನುಡಿಗಟ್ಟಿನ ಮೇಲೆ. ಯಾಕೆಂದರೆ ಈ ಮಾತು ನಮಗೆ ಹೊಸದಲ್ಲ. ಹಳ್ಳಿಯ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟವನನ್ನು ಕೇಳಿ ನೋಡಿ. 'ನನ್ನ ಮನಸ್ಸಲ್ಲಿ ಏನೂ ಇಲ್ಲಪ್ಪ, ಮೊದಲಿಂದ ನಡಕಂಡ್ ಬಂದೈತೆ' ಅನ್ನುತ್ತಾನೆ. ಅವನ ಮನಸ್ಸಿನಲ್ಲಿ ಏನೂ ಇಲ್ಲದಿರಬಹುದು. ಲೋಟ ಮಾತ್ರ ಬೇರೆಯೇ ಇದೆ.

ಮೊದಲೇ ಹೇಳಿಬಿಡುತ್ತೇವೆ: ಯಂತ್ರದ ಮೇಲೆ ನಮಗೆ ದ್ವೇಷವಿಲ್ಲ. ಮನುಷ್ಯರ ಕೈಯಲ್ಲಿ ನಾವು ಪಟ್ಟಿರುವ ಪಾಡು ಸಣ್ಣದಲ್ಲ. ಲಿಖಿತ ಪರೀಕ್ಷೆಯಲ್ಲಿ ಮುಂದಿದ್ದವರು ಸಂದರ್ಶನದ ಕೋಣೆಯೊಳಗೆ ಹೋಗಿ ಹೆಸರು, ಊರು ಹೇಳಿದೊಡನೆ ಹಿಂದೆ ಬಿದ್ದದ್ದನ್ನು ಕಂಡಿದ್ದೇವೆ. ಅದಕ್ಕೇ ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಬಂದಾಗ ಹಳ್ಳಿಯ ಮಕ್ಕಳಿಗೆ ಒಂದು ಬಾಗಿಲು ತೆರೆಯಿತು. ಉತ್ತರ ಪತ್ರಿಕೆ ತಿದ್ದುವ ಯಂತ್ರ ಯಾರ ಮಗ ಎಂದು ಕೇಳುವುದಿಲ್ಲ. 'ಯಂತ್ರಕ್ಕೆ ಜಾತಿ ಇಲ್ಲವಲ್ಲ, ನೀವು ಅದನ್ನು ಸ್ವಾಗತಿಸಬೇಕು' ಎಂದು ನಮಗೆ ಬುದ್ಧಿ ಹೇಳುವ ಗೆಳೆಯರು ಈ ಉದಾಹರಣೆಯನ್ನೇ ಕೊಡುತ್ತಾರೆ.

ಆದರೆ ಆ ಯಂತ್ರ ಯಾಕೆ ನ್ಯಾಯವಾಗಿತ್ತು ಎಂದು ಅವರು ಯೋಚಿಸುವುದಿಲ್ಲ. ಅದರ ನಿಯಮ ಎಲ್ಲರಿಗೂ ಗೊತ್ತಿತ್ತು. ಸರಿ ಉತ್ತರಕ್ಕೆ ಅಂಕ, ತಪ್ಪು ಉತ್ತರಕ್ಕೆ ಇಲ್ಲ. ಕೀ ಉತ್ತರ ಪ್ರಕಟವಾಗುತ್ತದೆ, ಕೀ ಉತ್ತರವೇ ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ನಿಯಮ ಬಯಲಲ್ಲಿತ್ತು, ಪ್ರಶ್ನೆ ಮಾಡುವ ಹಕ್ಕು ಕೈಯಲ್ಲಿತ್ತು. ಈಗ ಬಂದಿರುವ ಯಂತ್ರ ಬೇರೆ ಜಾತಿಯದು. ಅದಕ್ಕೆ ಯಾರೂ ನಿಯಮ ಬರೆದುಕೊಡುವುದಿಲ್ಲ. ಹಳೆಯ ದಾಖಲೆಗಳ ರಾಶಿಯನ್ನು ಮುಂದಿಟ್ಟು, ಇಷ್ಟು ದಿನ ಏನು ನಡೆದಿದೆಯೋ ನೋಡಿ ಕಲಿ ಎನ್ನುತ್ತಾರೆ. ಇಷ್ಟು ದಿನ ಏನು ನಡೆದಿದೆ ಎಂದು ನಮ್ಮನ್ನು ಕೇಳಿದ್ದರೆ ನಾವೇ ಹೇಳುತ್ತಿದ್ದೆವು.

ನಡೆದ ಸಂಗತಿಗಳನ್ನೇ ನೋಡೋಣ. ಅಮೆಜಾನ್ ಕಂಪನಿ ಕೆಲಸದ ಅರ್ಜಿಗಳನ್ನು ಜರಡಿ ಹಿಡಿಯಲು ಒಂದು ಯಂತ್ರ ಕಟ್ಟಿತ್ತು. ಹತ್ತು ವರ್ಷ ಕಂಪನಿಗೆ ಬಂದಿದ್ದ ಅರ್ಜಿಗಳೇ ಅದರ ಪಾಠ. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರ ತನಗೆ ತಾನೇ ಕಲಿತದ್ದು: ಗಂಡಸರೇ ಮೇಲು. ಮಹಿಳಾ ಸಂಘ, ಮಹಿಳಾ ಕಾಲೇಜು ಎಂದು ಅರ್ಜಿಯಲ್ಲಿದ್ದರೆ ಅಂಕ ಇಳಿಸುತ್ತಿತ್ತು. ಕಂಪನಿ ಆ ಕೆಲಸ ಕೈಬಿಟ್ಟಿತು, ಸುದ್ದಿ 2018ರಲ್ಲಿ ಹೊರಬಂತು. ಹೆಣ್ಣನ್ನು ತಳ್ಳು ಎಂದು ಯಾರೂ ಅದಕ್ಕೆ ಹೇಳಿರಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಅಮೆರಿಕದ ಆಸ್ಪತ್ರೆಗಳ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಹೆಚ್ಚಿನ ಆರೈಕೆ ಯಾರಿಗೆ ಬೇಕು ಎಂದು ಹೇಳುವ ಯಂತ್ರವೊಂದನ್ನು ಅಲ್ಲಿ ವ್ಯಾಪಕವಾಗಿ ಬಳಸುತ್ತಿದ್ದರು. ಅದು ಚರ್ಮದ ಬಣ್ಣವನ್ನು ಕೇಳುತ್ತಲೇ ಇರಲಿಲ್ಲ. ರೋಗ ಎಷ್ಟಿದೆ ಎಂದು ಅಳೆಯಲು, ಅವರ ಮೇಲೆ ಆಗುವ ಖರ್ಚು ಎಷ್ಟು ಎಂದು ಲೆಕ್ಕ ಹಾಕುತ್ತಿತ್ತು. ಕರಿಯರ ಮೇಲೆ ಆ ವ್ಯವಸ್ಥೆ ಮೊದಲಿಂದಲೂ ಖರ್ಚು ಮಾಡುತ್ತಿದ್ದುದೇ ಕಡಿಮೆ. ಆದ್ದರಿಂದ ಅವರು ಆರೋಗ್ಯವಾಗಿದ್ದಾರೆ ಎಂದು ಯಂತ್ರ ತೀರ್ಮಾನಿಸಿತು! 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಈ ತಪ್ಪನ್ನು ತಿದ್ದಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕರಿಯರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತದೆ. ನಮ್ಮವ್ವಂದಿರು ಜ್ವರ ಬಂದರೂ ಕೂಲಿ ತಪ್ಪುತ್ತದೆ ಎಂದು ಆಸ್ಪತ್ರೆಗೆ ಹೋಗದವರು. ಅವರ ಚೀಟಿ ಖಾಲಿ. ಖಾಲಿ ಚೀಟಿ ನೋಡಿ 'ಇವಳಿಗೆ ಏನೂ ಆಗಿಲ್ಲ' ಎನ್ನುವ ವೈದ್ಯ ಮೂರ್ಖ ಎಂದು ಕೇರಿಯ ಹುಡುಗನೂ ಹೇಳುತ್ತಾನೆ. ಅದನ್ನು ಕಂಡುಹಿಡಿಯಲು ಅವರಿಗೆ ಒಂದು ಅಧ್ಯಯನವೇ ಬೇಕಾಯಿತು.

ಅಷ್ಟು ದೂರ ಯಾಕೆ? ಪಕ್ಕದ ತೆಲಂಗಾಣಕ್ಕೆ ಬನ್ನಿ. 2014ರಿಂದ 2019ರ ನಡುವೆ ಅಲ್ಲಿ 18 ಲಕ್ಷಕ್ಕೂ ಹೆಚ್ಚು ಆಹಾರ ಭದ್ರತಾ ಕಾರ್ಡುಗಳು ರದ್ದಾದವು. ಮನೆಯವರಿಗೆ ನೋಟಿಸೂ ಇಲ್ಲ. ಅಲ್ಲಿನ ಸರ್ಕಾರ ಇದಕ್ಕೆ ಬಳಸಿದ್ದು 'ಸಮಗ್ರ ವೇದಿಕ' ಎಂಬ ವ್ಯವಸ್ಥೆ. ಹಲವು ಇಲಾಖೆಗಳ ದಾಖಲೆಗಳನ್ನು ಒಟ್ಟಿಗೆ ಹಾಕಿ, ಹೆಸರು ವಿಳಾಸ ತಾಳೆ ನೋಡಿ, ಇವನಿಗೆ ಕಾರಿದೆ, ಇವನಿಗೆ ಜಮೀನಿದೆ ಎಂದು ಹೇಳುವ ಯಂತ್ರ. ಹೈದರಾಬಾದಿನಲ್ಲಿ ರಿಕ್ಷಾ ತುಳಿಯುತ್ತಿದ್ದ ಒಬ್ಬ ಬಡವನನ್ನು ಅದು ಕಾರಿನ ಒಡೆಯ ಎಂದಿತು. ಅದೇ ಥರದ ಹೆಸರಿನ ಇನ್ನೊಬ್ಬನ ಹತ್ತಿರ ಕಾರಿತ್ತು, ಅಷ್ಟೇ. ಆ ಮನೆಯ ಹೆಂಗಸು ಅಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ರದ್ದಾದ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಎಂದು ಆದೇಶಿಸಿತು. ಮೊದಲ ಸುತ್ತಿನ ಪರಿಶೀಲನೆಯಲ್ಲೇ ಹದಿನೈದು ಸಾವಿರಕ್ಕೂ ಹೆಚ್ಚು ಅರ್ಜಿದಾರರು ಅರ್ಹರು ಎಂದು ಗೊತ್ತಾಯಿತು. ಅಷ್ಟು ಮನೆಗಳ ಒಲೆ ಅಷ್ಟು ವರ್ಷ ಹೇಗೆ ಉರಿಯಿತು ಎಂಬ ಲೆಕ್ಕ ಯಾವ ಯಂತ್ರದಲ್ಲೂ ಇಲ್ಲ.

ಶ್ರೀಮಂತ ದೇಶಗಳಲ್ಲಾದರೂ ಬಡವರು ಬಚಾವಾದರೆ? ಇಲ್ಲ. ನೆದರ್‌ಲ್ಯಾಂಡ್ಸ್‌ನ ತೆರಿಗೆ ಇಲಾಖೆ ಮಕ್ಕಳ ಪಾಲನೆಯ ಸಹಾಯಧನ ಪಡೆಯುವವರಲ್ಲಿ ಮೋಸಗಾರರನ್ನು ಹುಡುಕಲು ಯಂತ್ರ ಹಚ್ಚಿತು. ಅದು ಪ್ರತಿ ಅರ್ಜಿಗೂ ಅಪಾಯದ ಅಂಕ ಕೊಡುತ್ತಿತ್ತು. ಆ ದೇಶದ ಪೌರತ್ವ ಇಲ್ಲದಿರುವುದೂ ಅಂಕ ಏರಿಸುವ ಒಂದು ಕಾರಣ. ಹತ್ತಾರು ಸಾವಿರ ಕುಟುಂಬಗಳು ಮಾಡದ ಮೋಸಕ್ಕೆ ಹಣ ಹಿಂದಿರುಗಿಸಬೇಕಾಗಿ ಬಂದು ಸಾಲಕ್ಕೆ ಬಿದ್ದವು. ಆ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ಹೆತ್ತವರ ಮನೆಯಿಂದ ಹೊರಗಿನ ಆರೈಕೆಗೆ ಹೋದರು. 2021ರ ಜನವರಿಯಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಅಲ್ಲಿ ತಪ್ಪು ಯಂತ್ರದ್ದು ಮಾತ್ರವಲ್ಲ. ಯಂತ್ರ ಬೊಟ್ಟು ಮಾಡಿದವರ ಮಾತನ್ನು ಕುರ್ಚಿಯಲ್ಲಿ ಕೂತ ಮನುಷ್ಯರು ಕೇಳಲೇ ಇಲ್ಲ.

ಇನ್ನೊಂದು ಸಣ್ಣ ಸಂಗತಿ. 2025ರಲ್ಲಿ ದಲಿತ ಸಂಶೋಧಕರೊಬ್ಬರು ಬೆಂಗಳೂರಿನ ಫೆಲೋಶಿಪ್ಪಿಗೆ ಬರೆದ ಅರ್ಜಿಯ ಇಂಗ್ಲಿಷನ್ನು ತಿದ್ದಿಕೊಡು ಎಂದು ಚಾಟ್‌ಜಿಪಿಟಿಗೆ ಕೊಟ್ಟರು. ಅದು ಇಂಗ್ಲಿಷನ್ನೂ ತಿದ್ದಿತು, ಅವರ ಮನೆತನದ ಹೆಸರನ್ನೂ ತಿದ್ದಿ 'ಶರ್ಮಾ' ಎಂದು ಬರೆಯಿತು. ಪಾಂಡಿತ್ಯದ ಪಕ್ಕದಲ್ಲಿ ಯಾವ ಹೆಸರು ಇರಬೇಕು ಎಂದು ಅದಕ್ಕೆ ಯಾರು ಕಲಿಸಿದರು? ನಮ್ಮ ನೂರಾರು ವರ್ಷಗಳ ಓದುಬರಹವೇ ಕಲಿಸಿತು. ನಮಗೆ ಬಾಗಿಲು ಹಾಕಿದ ಪುಸ್ತಕಗಳನ್ನು ಓದಿದ ಯಂತ್ರ ನಮಗೆ ಬಾಗಿಲು ಹಾಕುವುದನ್ನೇ ಕಲಿಯುತ್ತದೆ.

ಈಗ ಹೇಳಿ ಸ್ವಾಮಿ, ಇವುಗಳಲ್ಲಿ ಯಾವುದು ಊಹಿಸಲಾಗದ್ದು? ಹೆಂಗಸರನ್ನು, ಕರಿಯರನ್ನು, ವಲಸಿಗರನ್ನು, ರಿಕ್ಷಾ ತುಳಿಯುವವನ ಹೆಂಡತಿಯನ್ನು ಯಂತ್ರ ಇಡುವ ಮೊದಲು ಕೂರಿಸಿ ಕೇಳಿದ್ದರೆ, ಏನಾಗುತ್ತದೆ ಎಂದು ಅರ್ಧ ಗಂಟೆಯಲ್ಲಿ ಹೇಳುತ್ತಿದ್ದರು. ಅವರನ್ನು ಕೇಳಲಿಲ್ಲ. ಉದ್ದೇಶಿಸದ ಪರಿಣಾಮ ಎನ್ನುವುದರ ನಿಜವಾದ ಹೆಸರು ಕೇಳದ ಪರಿಣಾಮ. ಏಟು ತಿನ್ನುವವರು ಇಲ್ಲದ ಕೋಣೆಯಲ್ಲಿ ಕೂತು ನಿರ್ಧಾರ ಮಾಡುವುದು, ಏಟು ಬಿದ್ದ ಮೇಲೆ ಆಶ್ಚರ್ಯಪಡುವುದು. ಈಗ ನೀವು ಮಾಡುವ ನೀತಿ ಸಮಿತಿಗಳಲ್ಲಾದರೂ ಪೌರಕಾರ್ಮಿಕಳೊಬ್ಬಳಿಗೆ ಕುರ್ಚಿ ಇದೆಯೇ?

ಆಶ್ಚರ್ಯ ಸಾಕು, ನಮಗೆ ಹಕ್ಕು ಬೇಕು. ನಮ್ಮ ಬೇಡಿಕೆಗಳು ದೊಡ್ಡವಲ್ಲ. ಕಾರ್ಡು, ಕೆಲಸ, ಸಾಲ, ಸಂಬಳ ಯಾವುದನ್ನು ಯಂತ್ರದ ಮಾತಿನ ಮೇಲೆ ನಿಲ್ಲಿಸಿದರೂ, ನಿಲ್ಲಿಸುವ ಮೊದಲು ನೋಟಿಸು ಬರಬೇಕು. ಅದರಲ್ಲಿ ಕಾರಣ ಇರಬೇಕು, ನಮಗೆ ಅರ್ಥವಾಗುವ ಕನ್ನಡದಲ್ಲಿರಬೇಕು. ಯಂತ್ರದ ಮಾತನ್ನು ತಳ್ಳಿಹಾಕುವ ಅಧಿಕಾರವುಳ್ಳ ಒಬ್ಬ ಮನುಷ್ಯ, ಹೆಸರು ಹುದ್ದೆ ಸಮೇತ, ಪ್ರತಿ ಕಚೇರಿಯಲ್ಲಿ ಕೂತಿರಬೇಕು. ಅವನು ತೀರ್ಮಾನ ಹೇಳುವವರೆಗೆ ಅಕ್ಕಿ ನಿಲ್ಲಬಾರದು. ಯಾರನ್ನು ಎಷ್ಟು ತಳ್ಳಿದೆ ಎಂದು ಜಾತಿವಾರು, ಲಿಂಗವಾರು ಲೆಕ್ಕವನ್ನು ವರ್ಷವರ್ಷ ಬಯಲಲ್ಲಿಡಬೇಕು. 'ನಾವು ಜಾತಿಯನ್ನೇ ನೋಡುವುದಿಲ್ಲ' ಎನ್ನುವ ಜಾಣತನ ಬೇಡ. ಅಮೆರಿಕದ ಯಂತ್ರವೂ ಬಣ್ಣ ನೋಡುತ್ತಿರಲಿಲ್ಲ. ತಪ್ಪು ಕಂಡುಹಿಡಿದದ್ದು ಬಣ್ಣವಾರು ಲೆಕ್ಕ ತೆಗೆದಾಗ. ಅಳತೆಗೋಲನ್ನು ಬದಲಿಸಿದಾಗ ತಾರತಮ್ಯ ಬಹುಪಾಲು ಇಳಿಯಿತು. ಅಂದರೆ ತಿದ್ದಲು ಸಾಧ್ಯ. ಮನಸ್ಸು ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಸಾಬೀತು ಮಾಡುವ ಹೊರೆ. ತೆಲಂಗಾಣದಲ್ಲಿ ನನಗೆ ಕಾರಿಲ್ಲ ಎಂದು ಬಡವನೇ ಸಾಬೀತು ಮಾಡಬೇಕಾಯಿತು. ಇಲ್ಲದ ಕಾರನ್ನು ಇಲ್ಲ ಎಂದು ಹೇಗೆ ತೋರಿಸುವುದು? ಈ ದೇಶದ ಕಾನೂನಿಗೆ ಇದಕ್ಕಿಂತ ಹೆಚ್ಚು ವಿವೇಕವಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 12ನೇ ಕಲಮನ್ನು ತೆಗೆದು ಓದಿ. ಆ ಕಾಯ್ದೆಯಡಿ ಅಪರಾಧವಾಗುವ ಕೃತ್ಯ ಪರಿಶಿಷ್ಟ ಜಾತಿಯವರ ಮೇಲೆ ನಡೆದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಎಂದು ನ್ಯಾಯಾಲಯ ಭಾವಿಸಬೇಕು. ಅಲ್ಲ ಎಂದು ತೋರಿಸುವುದು ಆರೋಪಿಯ ಪಾಡು. ಮನಸ್ಸಿನೊಳಗೆ ಏನಿತ್ತು ಎಂದು ಸಾಬೀತು ಮಾಡು ಎಂದು ಏಟು ತಿಂದವನಿಗೆ ಹೇಳಿದರೆ ನ್ಯಾಯ ಎಂದೂ ಸಿಗುವುದಿಲ್ಲ ಎಂದು ಕಾನೂನು ಬರೆದವರಿಗೆ ಗೊತ್ತಿತ್ತು. ಅದೇ ತತ್ವ ಯಂತ್ರಕ್ಕೂ ಬರಲಿ. ಯಂತ್ರ ಇಟ್ಟುಕೊಂಡು ಲಾಭ ಎಣಿಸುವ ಸಂಸ್ಥೆಯೇ ತನ್ನ ಯಂತ್ರ ತಾರತಮ್ಯ ಮಾಡಿಲ್ಲ ಎಂದು ತೋರಿಸಲಿ.

ಇನ್ನು ನಮ್ಮ ನಮ್ಮಲ್ಲಿ ಒಂದು ಮಾತು. 2025ರ ಜುಲೈಯಿಂದ ಅಂಗನವಾಡಿಗಳಲ್ಲಿ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಮುಖ ಗುರುತಿಸುವ ಯಂತ್ರವನ್ನು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಮೊಬೈಲ್ ಹಿಡಿದು ನಿಂತವಳು ನಮ್ಮದೇ ಅಕ್ಕ, ಎದುರಿಗೆ ಕೂಸು ಎತ್ತಿಕೊಂಡು ನಿಂತವಳು ನಮ್ಮದೇ ತಂಗಿ. ಮುಖ ಹೊಂದದಿದ್ದರೆ ಬೈಸಿಕೊಳ್ಳುವವಳು ಆ ಅಕ್ಕ, ಬರಿಗೈಯಲ್ಲಿ ಹೋಗುವವಳು ಆ ತಂಗಿ. ಆಜ್ಞೆ ಹೊರಡಿಸಿದವರು ಆ ಅಂಗಳದಲ್ಲಿ ಇರುವುದಿಲ್ಲ. ಅವರಿಬ್ಬರೂ ಒಬ್ಬರಿಗೊಬ್ಬರು ಜಗಳಕ್ಕೆ ನಿಲ್ಲದ ಹಾಗೆ ನೋಡಿಕೊಳ್ಳುವುದು ಸಂಘಟನೆಯ ಕೆಲಸ.

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯ ಗೆಳತಿಯರೇ, ಒಂದು ನೋಟ್ ಬುಕ್ಕು ಇಡಿ. ನಿಮ್ಮೂರಲ್ಲಿ ಯಾರ ಕಾರ್ಡು, ಯಾರ ಪಿಂಚಣಿ, ಯಾರ ಹಾಜರಿ ಯಂತ್ರದ ಹೆಸರಲ್ಲಿ ನಿಂತಿತು, ಯಾವ ದಿನ, ಕಚೇರಿಯಲ್ಲಿ ಯಾರು ಏನು ಹೇಳಿದರು, ಬರೆಯಿರಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಾರಣ ಕೇಳಿ. ಹಿಂದೆ ಲೆಕ್ಕದ ಪುಸ್ತಕ ಒಬ್ಬನ ಪೆಟ್ಟಿಗೆಯಲ್ಲೇ ಇತ್ತು. ಈಗ ನಮ್ಮ ಕೈಯಲ್ಲೂ ಒಂದು ಪುಸ್ತಕ ಇರಲಿ. ಯಂತ್ರವನ್ನೂ ಕಲಿಯಿರಿ, ಅದನ್ನು ಬಿಚ್ಚಿ ನೋಡಬಲ್ಲ ಮಕ್ಕಳು ನಮ್ಮ ಕೇರಿಗಳಿಂದಲೇ ಬರಲಿ.

ನಮ್ಮಪ್ಪಂದಿರು ಜಗಲಿಯ ಕೆಳಗೆ ನಿಂತು ಕಳೆದದ್ದು ಸಾಕು. ನಾವು ಅಕ್ಷರ ಕಲಿತದ್ದು ಲೆಕ್ಕ ಕೇಳುವುದಕ್ಕೆ. ಈ ಬುದ್ಧಿ ಕೃತಕವೋ ಸಹಜವೋ, ಅದರ ಯಜಮಾನ ಬೆಂಗಳೂರಿನಲ್ಲಿದ್ದಾನೋ ಅಮೆರಿಕದಲ್ಲಿದ್ದಾನೋ, ಲೆಕ್ಕ ತೋರಿಸುವವರೆಗೆ ನಾವು ಮೇಜಿನ ಮುಂದಿನಿಂದ ಏಳುವುದಿಲ್ಲ. 'ಆಯ್ತು ಬುದ್ಧಿ' ಅನ್ನುವುದಿಲ್ಲ.