ಗೋವಿನ ಜೋಳಕ್ಕೆ ನೀರೆಷ್ಟು?

ಊರಿನ ಹೊಲವನ್ನು ತಮ್ಮಂದಿರ ಕೈಗೆ ಒಪ್ಪಿಸಿ ಮುಂಬಯಿಯಲ್ಲೋ ಪುಣೆಯಲ್ಲೋ ನೌಕರಿಗೆ ನಿಂತ ನಮ್ಮಂಥವರಿಗೆ, ಅಲ್ಲಿ ಮಳೆ ತಡೆಯಿತೆಂದರೆ ಇಲ್ಲಿ ನಿದ್ರೆ ಬಾರದು. "ಅಣ್ಣಾ, ಹೊಂಡದ ನೀರು ಈಗಲೇ ಬಿಡಲೋ, ಇನ್ನೊಂದು ವಾರ ನೋಡಲೋ?" ಎಂದು ಫೋನಿನಲ್ಲಿ ಕೇಳಿದರೆ ಏನು ಹೇಳುವುದು? ಈ ಸಲ ಅದನ್ನೇ ಲೆಕ್ಕ ಹಾಕಿ ನೋಡುವೆವು. ಬೆಳೆ, ಹಾವೇರಿ-ದಾವಣಗೆರೆಗಳ ಕಡೆ ಬಹುಪಾಲು ಮಳೆಯನ್ನೇ ನಂಬಿ ಬೆಳೆಯುವ ಗೋವಿನ ಜೋಳ. ಮೆಕ್ಕೆಜೋಳವೆನ್ನಿ, ಮೈಸೂರಿನವರಂತೆ ಮುಸುಕಿನ ಜೋಳವೆನ್ನಿ. ಹೆಸರಿಗಾಗಿ ಎಷ್ಟು ವಾದಿಸಿದರೂ ಗಿಡವೊಂದೇ.

ಬಿತ್ತನೆಯಿಂದ ಕೊಯ್ಲಿನವರೆಗೆ ಇದಕ್ಕೆ ಒಟ್ಟು 500ರಿಂದ 800 ಮಿಲಿಮೀಟರು ನೀರು ಬೇಕು. ಆದರೆ ಅದನ್ನು ದಿನಕ್ಕಿಷ್ಟೆಂದು ಸಮನಾಗಿ ಹಂಚುವಂತಿಲ್ಲ. ಆಯಾ ದಿನದ ಬಿಸಿಲು ಗಾಳಿಗಳಿಗೆ, ನೀರುಂಡ ಹುಲ್ಲಿನ ಹೊದಿಕೆಯೊಂದು ಎಷ್ಟು ನೀರನ್ನು ಆವಿಯಾಗಿ ಬಿಡುವುದೋ ಅದೇ ಅಳತೆಗೋಲು. ಅದನ್ನು ಪೈರಿನ ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಈ ಅಂಕಿ ಎಳೆಯ ಪೈರಿಗೆ 0.3, ಹೂವು ಕಾಳುಗಳ ಕಾಲಕ್ಕೆ 1.2, ಕೊನೆಗೆ 0.6ರಿಂದ 0.35.

ಅಳತೆಗೋಲು ದಿನಕ್ಕೆ 5 ಮಿ.ಮೀ. ಎಂದಿಟ್ಟುಕೊಳ್ಳಿ. ಎಳೆಯ ಪೈರಿಗೆ 1.5, ಹೂವಿನ ಪೈರಿಗೆ 6 ಮಿ.ಮೀ. ಆಯಿತು. ಎಕರೆಗೆ ಒಂದು ಮಿ.ಮೀ. ಎಂದರೆ ಸುಮಾರು 4,000 ಲೀಟರು. ಅಂದರೆ ಮೊದಲು ದಿನಕ್ಕೆ 6,000 ಲೀಟರು ಕುಡಿಯುತ್ತಿದ್ದ ಎಕರೆ ಆಮೇಲೆ 24,000 ಲೀಟರು ಕೇಳುತ್ತದೆ! ಗಂಟೆಗೆ 8,000 ಲೀಟರು ಕೊಡುವ ಬೋರು ಮೂರು ತಾಸು ಓಡಬೇಕು. ಕಾಲುವೆಯಲ್ಲಿ ಇಂಗಿದ್ದು ಬೇರೆ. 20 ಮಿ.ಮೀ. ಮಳೆ ಬಿದ್ದು ನೆಲ ಅದನ್ನೆಲ್ಲ ಹಿಡಿದಿಟ್ಟುಕೊಂಡರೂ ಮೂರು ದಿನದ ಖರ್ಚು, ಅಷ್ಟೆ.

ಇದನ್ನರಿಯದೆ ಒಂದು ವರ್ಷ ನಾವು ಕೆಟ್ಟೆವು. ಪೈರು ಮೊಣಕಾಲೆತ್ತರವಿದ್ದಾಗ ಮಧ್ಯಾಹ್ನ ಎಲೆ ಸುರುಳಿಯಾಯಿತೆಂದು ಗಾಬರಿಯಾಗಿ ಹೊಂಡದ ನೀರನ್ನೆಲ್ಲ ಬಿಡಿಸಿದೆವು. ಅಪ್ಪಣೆ ಇಲ್ಲಿಂದಲೇ ಹೋಗಿತ್ತು. ತಮ್ಮನ ತಪ್ಪೇನೂ ಇಲ್ಲ. ಸೂಲಂಗಿ ಹೊರಟಾಗ ಹೊಂಡದಲ್ಲಿ ಕೆಸರು ಮಾತ್ರ. ತೆನೆ ಸುಲಿದರೆ ತುದಿಯೆಲ್ಲ ಬೋಳು. ಸೂಲಂಗಿಯಿಂದ ಪರಾಗ ಉದುರುವ ಹೊತ್ತಿಗೆ ತೆನೆಯ ರೇಷ್ಮೆಯೆಳೆಗಳು ಹೊರಬಂದಿರಬೇಕು. ಒಂದೊಂದು ಎಳೆಗೆ ಒಂದೊಂದು ಕಾಳು. ನೀರು ಸಾಲದಿದ್ದರೆ ಎಳೆ ತಡವಾಗುತ್ತದೆ, ಪರಾಗ ಕಾಯುವುದಿಲ್ಲ. ತುದಿಯ ಎಳೆಗಳೇ ಎಲ್ಲಕ್ಕಿಂತ ಹಿಂದೆ ಬರುವುದರಿಂದ ಪೆಟ್ಟು ಮೊದಲು ಅವಕ್ಕೆ.

ಆದ್ದರಿಂದ ಈಗ ಹೊಂಡದ ನೀರನ್ನು ಆ ಎರಡು ಮೂರು ವಾರಗಳಿಗೆಂದು ಕಾದಿಡುತ್ತೇವೆ. ಎಳೆಯ ಪೈರಿಗೆ ನೀರು ಹೆಚ್ಚಾದರೂ ಕೇಡೇ: ಆರೆಲೆ ಬರುವತನಕ ಅದರ ಬೆಳೆಯುವ ಸುಳಿ ನೆಲದೊಳಗೇ ಇರುತ್ತದೆ, ನೀರು ನಿಂತರೆ ಉಸಿರು ಕಟ್ಟುತ್ತದೆ. ಕಪ್ಪುನೆಲದವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಕೆಂಪುನೆಲದಲ್ಲಿ ತೇವ ಬೇಗ ಆರುವುದರಿಂದ ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕೊಡುವುದು ಮೇಲು.

ಇನ್ನು ನಿಲ್ಲಿಸುವುದು ಯಾವಾಗ? ಕಾಳೊಂದನ್ನು ಕಿತ್ತು ಬುಡವನ್ನು ಉಗುರಿನಿಂದ ಕೆರೆದು ನೋಡಿ. ಅಲ್ಲಿ ಕಪ್ಪು ಪದರ ಕಂಡರೆ ಕಾಳು ಬಲಿಯಿತು, ಬೋರು ಬಂದುಮಾಡಬಹುದು.