ತಪ್ಪು ವಿಳಾಸಕ್ಕೆ ಹೋಗುವ ಬೈಗುಳ

ದೊಡ್ಡ ಬಜೆಟ್ಟಿನ ಸಿನಿಮಾ ನೆಲಕಚ್ಚಿದ ದಿನ ಥಿಯೇಟರಿನಿಂದ ಹೊರಬರುವವರ ಬಾಯಲ್ಲಿ ಮೊದಲು ಬರುವ ಮಾತು ‘ಗ್ರಾಫಿಕ್ಸ್ ಕೆಟ್ಟದಾಗಿದೆ’ ಎಂಬುದು. 2022ರ ಅಕ್ಟೋಬರ್ 2ರಂದು ಅಯೋಧ್ಯೆಯಲ್ಲಿ ‘ಆದಿಪುರುಷ್’ ಟೀಸರ್ ಬಿಡುಗಡೆಯಾದಾಗ ಇಡೀ ದೇಶ ಇದನ್ನೇ ಆಡಿತು. ಬೈಗುಳದ ರಭಸ ಎಷ್ಟಿತ್ತೆಂದರೆ, ಮುಂಬೈಯ ವಿಎಫ್‌ಎಕ್ಸ್ (ವಿಷುವಲ್ ಎಫೆಕ್ಟ್ಸ್) ಕಂಪನಿಯೊಂದು ‘ಆ ಕೆಲಸ ನಮ್ಮದಲ್ಲ’ ಎಂದು ಹೇಳಿಕೆ ಕೊಡಬೇಕಾಯಿತು. ಮರುವರ್ಷ ಜನವರಿಯಲ್ಲಿ ಬರಬೇಕಿದ್ದ ಸಿನಿಮಾ ಜೂನ್‌ಗೆ ಹೋಯಿತು. ಐದು ತಿಂಗಳು ಹೆಚ್ಚು ಸಿಕ್ಕರೂ ಲಂಕೆ ನಿರ್ಜೀವವಾಗಿಯೇ ಉಳಿಯಿತು. ಲಂಕೆ ಹೇಗಿರಬೇಕು, ರಾವಣ ಯಾವ ವಾಹನದ ಮೇಲೆ ಬರಬೇಕು, ಬೆಳಕು ಎಷ್ಟಿರಬೇಕು ಎಂದು ತೀರ್ಮಾನಿಸಿದವರು ಕಂಪ್ಯೂಟರ್ ಮುಂದೆ ಕೂತ ಹುಡುಗರಲ್ಲವಲ್ಲ.

ನಾನು ಸಿನಿಮಾ ಪಂಡಿತನಲ್ಲ. ಸಿಡಿಯುವ, ಹಾರುವ, ಬೇರೆ ಗ್ರಹಗಳಿಗೆ ಕರೆದೊಯ್ಯುವ ಚಿತ್ರಗಳನ್ನು ಖುಷಿಗೆಂದು ನೋಡುವ ಪ್ರೇಕ್ಷಕ. ಆ ನೆಲೆಯಲ್ಲಿ ನಿಂತೇ ಹೇಳುತ್ತೇನೆ: ಈಚಿನ ವರ್ಷಗಳ ದುಬಾರಿ ಚಿತ್ರಗಳು ಕೆಡುತ್ತಿರುವುದು ಕಂಪ್ಯೂಟರಿನಿಂದಲ್ಲ, ಏನು ಬೇಕೆಂದು ಗೊತ್ತಿಲ್ಲದೆಯೇ ಚಿತ್ರೀಕರಣಕ್ಕೆ ಹೊರಡುವ ನಿರ್ಮಾಪಕ, ನಿರ್ದೇಶಕರಿಂದ. ಅವರಿಗೆ ಸಲ್ಲಬೇಕಾದ ಬೈಗುಳವನ್ನು ನಾವು ಕಲಾವಿದರಿಗೆ ಕೊಡುತ್ತಿದ್ದೇವೆ. ಆ ಕಲಾವಿದರಲ್ಲಿ ಬಹಳ ಮಂದಿ ಬೆಂಗಳೂರಿನವರು.

ಇದಕ್ಕೆ ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2024ರ ಮಾರ್ಚ್‌ನಲ್ಲಿ ವಿಷುವಲ್ ಎಫೆಕ್ಟ್ಸ್ ವಿಭಾಗದ ಆಸ್ಕರ್ ಗೆದ್ದ ಆ ಚಿತ್ರದ ವೆಚ್ಚ ಒಂದೂವರೆ ಕೋಟಿ ಡಾಲರನ್ನೂ ಮುಟ್ಟಿರಲಿಲ್ಲ. ಅದೇ ಪ್ರಶಸ್ತಿಗೆ ಸ್ಪರ್ಧಿಸಿದ್ದ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಮೂರನೇ ಭಾಗಕ್ಕೆ ಸುಮಾರು 25 ಕೋಟಿ ಡಾಲರ್ ಸುರಿದಿದ್ದರು. ಜಪಾನಿನ ತಂಡದಲ್ಲಿದ್ದ ಗ್ರಾಫಿಕ್ಸ್ ಕಲಾವಿದರು 35 ಮಂದಿ, ಮಾಡಿದ ಶಾಟ್‌ಗಳು 610. ನಿರ್ದೇಶಕ ತಕಾಶಿ ಯಮಜಾಕಿಯೇ ವಿಎಫ್‌ಎಕ್ಸ್ ಮೇಲ್ವಿಚಾರಕ. ಕಲಾವಿದರ ಜೊತೆಯಲ್ಲೇ ಕೂತು, ಶಾಟ್ ನೋಡಿ, ಅಲ್ಲೇ ‘ಇದು ಸರಿ, ಇದು ಬೇಡ’ ಎಂದು ಹೇಳುತ್ತಿದ್ದರು. ದೋಣಿಯ ಹಿಂದೆ ಗಾಡ್ಜಿಲ್ಲಾ ಈಜಿ ಬರುವ ದೃಶ್ಯದಲ್ಲಿ ನನ್ನ ಎದೆ ಬಡಿದುಕೊಂಡದ್ದು ನೀರಿನ ಹನಿಗಳ ಲೆಕ್ಕಾಚಾರಕ್ಕಲ್ಲ. ದೋಣಿಯಲ್ಲಿದ್ದ ನಾಲ್ಕು ಜನರ ಬದುಕು ನನಗಾಗಲೇ ಗೊತ್ತಿತ್ತು, ಅದಕ್ಕೆ.

ಕನ್ನಡದ ಪ್ರೇಕ್ಷಕರಿಗೆ ಇದು ಹೊಸ ಪಾಠವೂ ಅಲ್ಲ. 1977ರ ‘ಬಭ್ರುವಾಹನ’ದಲ್ಲಿ ಅರ್ಜುನ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಎದುರುಬದುರಾಗಿದ್ದು ಕ್ಯಾಮೆರಾ ಚಮತ್ಕಾರದಿಂದಲೇ. ಇಂದಿಗೂ ಜನ ಅದನ್ನು ನೆನೆಯುವುದು ತಾಯಿಗಾದ ಅವಮಾನಕ್ಕೆ ಸಿಡಿದೇಳುವ ಮಗನಿಗಾಗಿ. ಚಮತ್ಕಾರ ಕಥೆಯ ಕೈಕೆಳಗೆ ದುಡಿದಿತ್ತು.

ಈಗಿನ ದೊಡ್ಡ ಸ್ಟುಡಿಯೋಗಳಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು. ಬಿಡುಗಡೆಯ ದಿನಾಂಕ ಮೊದಲು ಪ್ರಕಟವಾಗುತ್ತದೆ, ಚಿತ್ರಕಥೆ ಆಮೇಲೆ ಪಕ್ಕಾ ಆಗುತ್ತದೆ. ನಟರನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ, ಹಿಂದೆ ಏನಿರುತ್ತದೆಂದು ಆಮೇಲೆ ನೋಡೋಣ ಎನ್ನುತ್ತಾರೆ. ಆ ‘ಆಮೇಲೆ’ ಬರುವುದು ಬಿಡುಗಡೆಗೆ ಕೆಲವೇ ವಾರ ಇರುವಾಗ. ವಿಎಫ್‌ಎಕ್ಸ್ ಕಂಪನಿಗಳು ಸಾಮಾನ್ಯವಾಗಿ ಇಷ್ಟು ಶಾಟ್‌ಗೆ ಇಷ್ಟು ಹಣ ಎಂದು ಮೊದಲೇ ಗುತ್ತಿಗೆ ಹಿಡಿದಿರುತ್ತವೆ. ನಿರ್ದೇಶಕರು ಮನಸ್ಸು ಬದಲಿಸಿ ಅದೇ ಶಾಟನ್ನು ಹತ್ತು ಸಲ ತಿದ್ದಿಸಿದರೆ ಆ ಹೊರೆಯ ಬಹುಪಾಲು ಬೀಳುವುದು ಕಂಪನಿಯ ಮೇಲೆ. ಅಲ್ಲಿಂದ ಇಳಿದು ರಾತ್ರಿಯಿಡೀ ಕೂರುವ ಕಲಾವಿದನ ಮೇಲೆ. ಈ ಒತ್ತಡಕ್ಕೆ ಬೇಸತ್ತೇ 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಸ್ಟುಡಿಯೋದ ಸ್ವಂತ ವಿಎಫ್‌ಎಕ್ಸ್ ಸಿಬ್ಬಂದಿ ಕಾರ್ಮಿಕ ಸಂಘಕ್ಕೆ ಸೇರಲು ಅವಿರೋಧವಾಗಿ ಮತ ಹಾಕಿದ್ದು. ಅದೇ ವರ್ಷದ ‘ದ ಫ್ಲ್ಯಾಶ್’ ಚಿತ್ರದ ಮೇಣದ ಗೊಂಬೆಯಂಥ ಮುಖಗಳನ್ನು ಜನ ಹಳಿದಾಗ, ಅದು ಬೇಕೆಂದೇ ಮಾಡಿದ್ದು ಎಂದು ಸ್ವತಃ ನಿರ್ದೇಶಕರೇ ಹೇಳಿದರು. ಅವರ ಮಾತನ್ನು ನಾನು ನಂಬುತ್ತೇನೆ. ಹಾಗಿದ್ದ ಮೇಲೆ ಅದರ ಹೊಣೆಯೂ ಅವರದೇ.

ಇನ್ನೊಂದು ತುದಿಯ ಉದಾಹರಣೆ 2025ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ದ ಇಲೆಕ್ಟ್ರಿಕ್ ಸ್ಟೇಟ್’. ವೆಚ್ಚ ಸುಮಾರು 32 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಅದರ ರೋಬೋಟ್‌ಗಳಲ್ಲಿ ಹುಡುಕಿದರೂ ಕುಂದು ಸಿಗದು. ಸಿನಿಮಾ ಮಾತ್ರ ಮರುದಿನಕ್ಕೆ ಮರೆತುಹೋಗುತ್ತದೆ. ಗ್ರಾಫಿಕ್ಸ್ ಚೆನ್ನಾಗಿದ್ದೂ ಚಿತ್ರ ಸೋತಾಗ ಕಲಾವಿದರನ್ನು ಹೊಗಳಲು ಯಾರೂ ಮುಂದೆ ಬರುವುದಿಲ್ಲ.

‘ಡ್ಯೂನ್’ ಚಿತ್ರಗಳನ್ನು ನಾನು ಮೆಚ್ಚುವುದು ಅಲ್ಲಿ ಏನು ಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು ಎಂಬ ಕಾರಣಕ್ಕೇ. ಮರಳುಗಾಡಿನ ಬಿಸಿಲು ನಟರ ಮುಖದ ಮೇಲೆ ನಿಜವಾಗಿ ಬೀಳಲಿ ಎಂದು ಹಸಿರು ಪರದೆ ಬಿಟ್ಟು ಮರಳಿನ ಬಣ್ಣದ ಪರದೆ ಕಟ್ಟಿದರು. ಯಾವ ದೃಶ್ಯದ ಹಿಂದೆ ಏನು ಬರುತ್ತದೆ ಎಂಬುದು ಕ್ಯಾಮೆರಾ ಆನ್ ಆಗುವ ಮೊದಲೇ ನಿರ್ದೇಶಕ ಡೆನಿ ವಿಲ್‌ನವ್‌ಗೆ ಗೊತ್ತಿತ್ತು. ದೈತ್ಯ ಹುಳುವಿನ ಮೇಲೆ ನಾಯಕ ಪಾಲ್ ಮೊದಲ ಸಲ ನಿಲ್ಲುವಾಗ ಅದು ಕಂಪ್ಯೂಟರಿನಲ್ಲಿ ಹುಟ್ಟಿದ ಹುಳು ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಈ ಚರ್ಚೆಯಲ್ಲಿ ‘ನಮ್ಮದರಲ್ಲಿ ಗ್ರಾಫಿಕ್ಸ್ ಇಲ್ಲ, ಎಲ್ಲ ನಿಜ’ ಎನ್ನುವ ಪ್ರಚಾರ ಕೂಡ ಕಲಾವಿದರಿಗೆ ಅಷ್ಟೇ ಅನ್ಯಾಯ ಮಾಡುತ್ತದೆ. 2022ರ ‘ಟಾಪ್ ಗನ್: ಮ್ಯಾವರಿಕ್’ ನನಗೆ ತುಂಬ ಇಷ್ಟವಾದ ಚಿತ್ರ. ನಟರು ಯುದ್ಧವಿಮಾನದಲ್ಲಿ ಕೂತು ಹಾರಿದ್ದು ನಿಜ, ವೇಗದ ಒತ್ತಡಕ್ಕೆ ಅವರ ಕೆನ್ನೆ ಜಗ್ಗಿದ್ದೂ ನಿಜ. ಆದರೆ ಅದರಲ್ಲಿ ಸುಮಾರು 2,400 ವಿಎಫ್‌ಎಕ್ಸ್ ಶಾಟ್‌ಗಳಿವೆ, ಆ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನವೂ ಆಗಿತ್ತು. ಪ್ರಚಾರದಲ್ಲಿ ಆ ಕಲಾವಿದರ ಸುಳಿವೇ ಇರಲಿಲ್ಲ. ನಿಜವಾದ ವಸ್ತುವಿನ ಬೆಲೆ ನನಗೂ ಗೊತ್ತು. ‘ಕಲ್ಕಿ 2898 ಎಡಿ’ಗಾಗಿ ಮಹೀಂದ್ರಾ ಮತ್ತು ಕೊಯಮತ್ತೂರಿನ ಜಯೆಮ್ ಸೇರಿ ನಿಜವಾಗಿ ಓಡುವ ‘ಬುಜ್ಜಿ’ ಕಾರನ್ನೇ ಕಟ್ಟಿದ್ದು ತೆರೆಯ ಮೇಲೆ ಗೊತ್ತಾಗುತ್ತದೆ. ಆದರೆ ಚೆನ್ನಾಗಿ ಬಂದಾಗ ‘ಗ್ರಾಫಿಕ್ಸೇ ಇಲ್ಲ’ ಎಂದು ಮುಚ್ಚಿಡುವುದು, ಕೆಟ್ಟಾಗ ‘ಗ್ರಾಫಿಕ್ಸ್‌ನಿಂದ ಹಾಳಾಯಿತು’ ಎಂದು ಎತ್ತಿ ತೋರಿಸುವುದು ಯಾವ ನ್ಯಾಯ?

ಈ ಅನ್ಯಾಯದ ಪರಿಣಾಮ ಬರೀ ಹೆಸರು ಹೋಗುವುದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2013ರ ಫೆಬ್ರವರಿಯಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಆ್ಯಂಡ್ ಹ್ಯೂಸ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಎರಡು ವಾರದೊಳಗೆ ಅದೇ ಹುಲಿಗೆ ಆಸ್ಕರ್ ಬಂತು. ವೇದಿಕೆಯಲ್ಲಿ ಪ್ರಶಸ್ತಿ ಸ್ವೀಕರಿಸಿದ ಬಿಲ್ ವೆಸ್ಟೆನ್‌ಹಾಫರ್ ಕಂಪನಿಯ ಕಷ್ಟ ಹೇಳಲು ಹೊರಟಾಗ ‘ಜಾಸ್’ ಚಿತ್ರದ ಸಂಗೀತ ಹಾಕಿ ಮಾತು ನಿಲ್ಲಿಸಿದರು. ಹೊರಗೆ ನೂರಾರು ಕಲಾವಿದರು ಪ್ರತಿಭಟಿಸುತ್ತಿದ್ದರು.

ಹನ್ನೆರಡು ವರ್ಷಗಳ ನಂತರ ಅದೇ ಫೆಬ್ರವರಿ ತಿಂಗಳಲ್ಲಿ ಸರದಿ ನಮ್ಮೂರಿಗೆ ಬಂತು. ‘ದ ಜಂಗಲ್ ಬುಕ್’, ‘1917’ರಂಥ ಆಸ್ಕರ್ ಗೆದ್ದ ಚಿತ್ರಗಳಿಗೆ ದುಡಿದ ಎಂಪಿಸಿ ಸ್ಟುಡಿಯೋದ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದು ಬಿತ್ತು. ಬೆಂಗಳೂರು, ಮುಂಬೈಗಳಲ್ಲಿ ಸುಮಾರು 3,000 ಮಂದಿ ಏಕಾಏಕಿ ಕೆಲಸ ಕಳೆದುಕೊಂಡರು. ತಿಂಗಳ ಸಂಬಳಕ್ಕೂ ಹಣವಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದೇ ಎಂಪಿಸಿ ಕೆಲಸ ಮಾಡಿದ್ದ ‘ಮುಫಾಸಾ’ ಜಗತ್ತಿನಾದ್ಯಂತ ತೆರೆಕಂಡು ಆಗಿನ್ನೂ ಎರಡು ತಿಂಗಳಾಗಿತ್ತಷ್ಟೇ. ಸಿಂಹದ ಒಂದೊಂದು ಕೂದಲಿಗೂ ಕಾದ ಪ್ರೇಕ್ಷಕರು ನಾವು. ಆ ಸಿಂಹಗಳಿಗೆ ಜೀವ ತುಂಬಿದ ಸಂಸ್ಥೆಯಲ್ಲಿ ರೋಟೋ, ಪೇಂಟ್, ಮ್ಯಾಚ್‌ಮೂವ್ ಎಂಬ ತೆರೆಮರೆಯ ಗ್ರಾಫಿಕ್ಸ್ ಕೆಲಸಗಳಲ್ಲಿ ವರ್ಷಗಟ್ಟಲೆ ಬೆನ್ನು ಬಗ್ಗಿಸಿದವರು ಬೀದಿಗೆ ಬಂದಾಗ ಅಭಿಮಾನಿಗಳೆನ್ನಿಸಿಕೊಂಡ ನಮ್ಮಿಂದ ಒಂದು ದನಿಯೂ ಏಳಲಿಲ್ಲ.

ಟೆಕ್ನಿಕಲರ್ ಬಿದ್ದದ್ದಕ್ಕೆ ಸಾಲ, ಹಾಲಿವುಡ್ ಮುಷ್ಕರಗಳ ನಂತರ ಕೆಲಸ ಕಡಿಮೆಯಾದದ್ದು, ಹೀಗೆ ಹಲವು ಕಾರಣಗಳಿವೆ. ಆದರೆ ಲಾಭದಲ್ಲಿ ಪಾಲಿಲ್ಲದೆ ನಷ್ಟಕ್ಕೆ ಮಾತ್ರ ತಲೆಕೊಡುವ ವ್ಯವಸ್ಥೆಯಲ್ಲಿ ಇಂಥ ಕಂಪನಿಗೆ ಕಷ್ಟಕಾಲಕ್ಕೆ ಉಳಿತಾಯ ಎಲ್ಲಿಂದ ಬರಬೇಕು?

ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಹೊಸ ಎವಿಜಿಸಿ-ಎಕ್ಸ್‌ಆರ್ ನೀತಿ ಪ್ರಕಟಿಸಿ, ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಮುಂತಾದ ಈ ಕ್ಷೇತ್ರದಲ್ಲಿ 30,000 ಹೊಸ ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಗುರಿ ಒಳ್ಳೆಯದೇ. ಆದರೆ ಕೆಲಸ ಸೃಷ್ಟಿಸುವುದರಷ್ಟೇ ಮುಖ್ಯ, ದುಡಿದವರ ಸಂಬಳ ಕೈಗೆ ಸಿಗುವಂತೆ ನೋಡಿಕೊಳ್ಳುವುದು. ಸರ್ಕಾರದ ಸಹಾಯಧನ ಪಡೆಯುವ ಪ್ರತಿ ಸ್ಟುಡಿಯೋ ಕನಿಷ್ಠ ಮೂರು ತಿಂಗಳ ಸಂಬಳದಷ್ಟು ಹಣವನ್ನು ಮುಟ್ಟಲಾಗದ ಖಾತೆಯಲ್ಲಿ ಇಡಬೇಕು ಎಂಬ ಷರತ್ತನ್ನು ಐಟಿ-ಬಿಟಿ ಇಲಾಖೆ ಹಾಕಲಿ. ದೊಡ್ಡ ಬಜೆಟ್ಟಿಗೆ ಈಗ ಕೈಹಾಕುತ್ತಿರುವ ಕನ್ನಡದ ನಿರ್ಮಾಪಕರು ಕಥೆ ಪಕ್ಕಾ ಆಗುವ ತನಕ ಬಿಡುಗಡೆಯ ದಿನಾಂಕ ಪ್ರಕಟಿಸದಿರಲಿ, ತಿದ್ದಿಸಿದ ಪ್ರತಿ ಶಾಟ್‌ಗೂ ಹಣ ಕೊಡಲಿ. ನಾವು ಪ್ರೇಕ್ಷಕರು ಮುಂದಿನ ಸಲ ಬೇಸರದಿಂದ ಹೊರಬಂದಾಗ ಬೈಯಲೇಬೇಕೆನಿಸಿದರೆ ಪೋಸ್ಟರ್‌ನಲ್ಲಿ ದಪ್ಪ ಅಕ್ಷರದಲ್ಲಿರುವ ಹೆಸರುಗಳನ್ನೇ ಹಿಡಿದು ಬೈಯೋಣ. ತೀರ್ಮಾನ ತೆಗೆದುಕೊಂಡವರು ಅವರು.