ಹಳೆಯ ಕೋಬಾಲ್ ಕಡತಗಳನ್ನು ಕೈಬಿಡಬಾರದು

ನಮ್ಮ ಸಂಘದ ಹಳೆಯ ಲೆಕ್ಕಗಳು ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮುಗಳು ಬರೆದಿಟ್ಟ ಕಡತಗಳಲ್ಲಿವೆ. ಹೊಸ ವ್ಯವಸ್ಥೆಗೆ ವರ್ಷಾಂತ್ಯದ ಶಿಲ್ಕನ್ನಷ್ಟೇ ಏರಿಸಿ, ಉಳಿದುದನ್ನು ಬಿಟ್ಟುಬಿಡಿ ಎಂಬ ಸಲಹೆ ಬಂದಿದೆ. ನಾವು ಇದನ್ನು ಒಪ್ಪುವುದಿಲ್ಲ. ತಂದೆಯ ಷೇರು ಮಕ್ಕಳ ಹೆಸರಿಗೆ ವರ್ಗವಾಗುವಾಗ, ಸಾಲದ ಕಂತಿನ ತಕರಾರು ಎದ್ದಾಗ ಬೇಕಾಗುವುದು ಆ ಹಳೆಯ ಲೆಕ್ಕವೇ.

ಈ ಕಡತಗಳನ್ನು ಓದುವ ಪ್ರೋಗ್ರಾಂ ಬರೆಸುವುದು ಅಸಾಧ್ಯವೇನಲ್ಲ. ಆದರೆ ಅವುಗಳಲ್ಲಿ ಕಲಮುಗಳ ಹೆಸರಿಲ್ಲ, ದಶಾಂಶ ಬಿಂದುವೂ ಇಲ್ಲ. 1234567 ಎಂದರೆ 12,345 ರೂಪಾಯಿ 67 ಪೈಸೆ ಎಂದು ತಿಳಿಯುವುದು 'ಕಾಪಿಬುಕ್' ಎಂಬ ವಿವರಪಟ್ಟಿಯಿಂದ. ಅದಿಲ್ಲದೆ ಓದಿದರೆ ಪೈಸೆಗಳೆಲ್ಲ ರೂಪಾಯಿಗಳಾಗುತ್ತವೆ. ಇನ್ನು 'ಕಾಂಪ್-3' ಪದ್ಧತಿಯಲ್ಲಿ ಒಂದು ಬೈಟಿಗೆ ಎರಡಂಕೆ ತುಂಬಿ, ಇದೇ ಮೊತ್ತವನ್ನು 4 ಬೈಟುಗಳಲ್ಲಿ ಅಡಗಿಸಿರುತ್ತಾರೆ. ಕೊನೆಯ ಅರ್ಧ ಬೈಟು ಚಿಹ್ನೆಗೆ ಮೀಸಲು: ಸಿ ಎಂದರೆ ಧನ, ಡಿ ಎಂದರೆ ಋಣ. (ಕ್ರೆಡಿಟ್, ಡೆಬಿಟ್ ಎಂದು ನಮ್ಮ ಗುಮಾಸ್ತರು ಸುಲಭವಾಗಿ ನೆನಪಿಟ್ಟಾರು.) ಅದನ್ನು ಕಡೆಗಣಿಸಿದ ಪ್ರೋಗ್ರಾಂ ಬಾಕಿಯನ್ನೇ ಜಮಾ ಎಂದು ತೋರಿಸೀತು!

ಕೋಬಾಲ್ ಬಲ್ಲವರು ಎಂದಾದರೂ ಸಿಕ್ಕಿಯಾರು ಎಂದು ಕಾಯುವುದೂ ಸರಿಯಲ್ಲ. 2020ರ ಏಪ್ರಿಲಿನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿಯವರೇ ಅಂಥವರಿಗಾಗಿ ಬಹಿರಂಗವಾಗಿ ಮನವಿ ಮಾಡಬೇಕಾಯಿತು.

ಆದುದರಿಂದ ಪ್ರೋಗ್ರಾಮನ್ನು ಈ ವರ್ಷವೇ ಬರೆಸಬೇಕು. ಅದು ಮೂಲ ಕಡತವನ್ನು ಓದಬೇಕೇ ಹೊರತು ತಿದ್ದಬಾರದು. ಅದು ಕೊಡುವ ಮೊತ್ತಗಳು ಆಯಾ ವರ್ಷದ ಆಡಿಟ್ ಆದ ಮುದ್ರಿತ ಲೆಕ್ಕಕ್ಕೆ ತಾಳೆಯಾದ ಮೇಲೆಯೇ ಬಿಲ್ ಪಾವತಿಯಾಗಬೇಕು. ಕಾಪಿಬುಕ್ಕಿನ ಒಂದು ಮುದ್ರಿತ ಪ್ರತಿ ಸಂಘದ ತಿಜೋರಿಯಲ್ಲಿರಲಿ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಬಂದಾಗ ಸದಸ್ಯ ಬಾಂಧವರು ಖರ್ಚನ್ನಷ್ಟೇ ಕೇಳದೆ, ತಾಳೆಪಟ್ಟಿಯನ್ನೂ ಕೇಳಿ ನೋಡಬೇಕೆಂದು ಕೋರುತ್ತೇವೆ.